ಮೂರಕ್ಷರದ ಚಾಕುವಿನ ಊರು ಹುಡುಕಿಕೊಂಡು

ಬೀರೂರು ಜಂಕ್ಷನ್

ಜಪಾನಿಗೆ ಹೋಗುವವರು ಬುದ್ಧನನ್ನು ನೋಡಲು ಹೋಗುತ್ತಾರೆ, ಇಲ್ಲವೇ ಬುಲೆಟ್ ರೈಲು ಹತ್ತಲು. ನಾನು ಹೋದದ್ದು ತಂಗಿಯ ಬಾಣಂತನಕ್ಕೆ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನನ್ನ ತಂಗಿ ಶೈಲಾಳ ಗಂಡ ಮಹೇಶ ಕೋಬೆ ಎಂಬ ಊರಿನಲ್ಲಿ ಮುತ್ತಿನ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದ. ಹೋಗಬೇಕಾದವಳು ಅಮ್ಮ. ಆದರೆ ಅವಳಿಗೆ ಮಂಡಿನೋವು, ಅದಕ್ಕಿಂತ ಹೆಚ್ಚಾಗಿ ವಿಮಾನದ ಭಯ. "ಕೆಳಗೆ ನೆಲ ಇಲ್ದೇ ಇರೋ ಗಾಡಿ ನಾನು ಹತ್ತಲ್ಲ ಕಣೇ ಗಿರಿಜಾ" ಎಂದು ಕೈಚೆಲ್ಲಿ ಕೂತಳು. ನಾನು ಕಡೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವವಳು. ಚಿಕ್ಕಮಗಳೂರಿಗೆ ಹೋಗಿ ಬಂದರೇ ಒಂದು ವಾರ ಅದನ್ನೇ ಮಾತಾಡುವವಳು. ಆದರೂ "ನಾನು ಹೋಗ್ತೀನಿ" ಅಂದುಬಿಟ್ಟೆ. ಅಂದ ಗಳಿಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಜ್ಜಂಪುರದಲ್ಲಿ ಅಮ್ಮನ ಕಾಲಿಗೆ ಬಿದ್ದು, ಅಪ್ಪನ ಜೊತೆ ಬೀರೂರಿಗೆ ಬಂದೆ. ಬೀರೂರಿನಲ್ಲಿ ಹಳಿಗಳು ಕವಲೊಡೆಯುತ್ತವೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ಆ ದಿನ ಪ್ಲಾಟ್‌ಫಾರಂ ಮೇಲೆ ನಮ್ಮ ಮನೆಯವರೂ ಹಾಗೇ ಕವಲೊಡೆದು ನಿಂತಿದ್ದರು. ಈ ತುದಿಯಲ್ಲಿ ಅಪ್ಪ. ಆ ತುದಿಯಲ್ಲಿ ತರೀಕೆರೆಯಿಂದ ಬಂದ ಮಾವ, ಅಂದರೆ ಅಪ್ಪನ ಅಕ್ಕನ ಗಂಡ. ಇಬ್ಬರೂ ನನ್ನನ್ನು ಕಳಿಸಲೆಂದೇ ಬಂದವರು, ಇಬ್ಬರೂ ಇನ್ನೊಬ್ಬರು ಹುಟ್ಟೇ ಇಲ್ಲವೆಂಬಂತೆ ಹಳಿ ನೋಡುತ್ತಿದ್ದರು. ನಡುವಿನ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಇತ್ತ ತಮ್ಮ, ಅತ್ತ ಗಂಡ.

ಇಷ್ಟಕ್ಕೆಲ್ಲ ಕಾರಣ ಒಂದು ಗೇಣುದ್ದವೂ ಇಲ್ಲದ ಮಡಚುವ ಚಾಕು.

ಎಪ್ಪತ್ತರ ದಶಕದಲ್ಲಿ ಮಾವ ಒಂದು ಜೀಪು ಇಟ್ಟುಕೊಂಡು ತರೀಕೆರೆಯಿಂದ ಜನರನ್ನು ಕೆಮ್ಮಣ್ಣುಗುಂಡಿಗೆ ಹತ್ತಿಸಿ ಇಳಿಸುತ್ತಿದ್ದರು. ಒಮ್ಮೆ ಗುಡ್ಡದ ಕಲ್ಲು ಮಣ್ಣು ನೋಡಲು ಬಂದ ಜಪಾನಿನವನೊಬ್ಬನನ್ನು ನಾಲ್ಕಾರು ದಿನ ಸುತ್ತಿಸಿದರು. ಹೊರಡುವ ದಿನ ಆತ ತನ್ನ ಚಾಕುವನ್ನು ಎರಡೂ ಕೈಯಲ್ಲಿ ಹಿಡಿದು, ಅದಕ್ಕೇ ನಮಸ್ಕಾರ ಮಾಡುವವನಂತೆ ಬಾಗಿ, ಮಾವನಿಗೆ ಕೊಟ್ಟ. ಕೊಟ್ಟು ಸುಮ್ಮನಾಗದೆ, ಕೈ ಚಾಚಿ ಕಾಸು ಕೇಳಿದ. ಮಾವ ಹತ್ತು ಪೈಸೆ ಹಾಕಿದರು. ಆತ ಅದನ್ನು ಹಣೆಗೊತ್ತಿಕೊಂಡು ಜೇಬಿಗಿಟ್ಟ. ಮುಂದೆ ಯಾವ ಮದುವೆ ಮನೆಗೆ ಹೋದರೂ ಮಾವನ ಬಾಯಲ್ಲಿ ಇದೇ ಕಥೆ. "ಅಷ್ಟ್ ದೊಡ್ ದೇಶದೋನು, ನನ್ ತಾವ ಹತ್ತು ಪೈಸೆ ಬೇಡ್ದ ಕಣ್ರಪ್ಪಾ!" ಊಟದ ಪಂಕ್ತಿಯೇ ಬಿದ್ದು ಬಿದ್ದು ನಗುತ್ತಿತ್ತು.

ಚಾಕುವಿನ ಹಿತ್ತಾಳೆ ಹಿಡಿಯ ಮೇಲೆ ಮೂರು ದೊಡ್ಡ ಅಕ್ಷರಗಳಿದ್ದವು. ಒಂದು ಯುಗಾದಿಗೆ ಮಾವ ಖುಷಿಯಿಂದ ಅದನ್ನು ಅಪ್ಪನಿಗೆ ಕೊಟ್ಟರು. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್, ಚಾಕು ಉಪಯೋಗಕ್ಕೆ ಬರುತ್ತದೆಂದು. ಕೊಟ್ಟದ್ದು ಕೈಯಿಂದ ಕೈಗೆ. ನಮ್ಮ ಕಡೆ ಕಬ್ಬಿಣದ ಸಾಮಾನು ಕೈಗೆ ಕೊಡುವುದಿಲ್ಲ. ಕೊಡುವವರು ನೆಲಕ್ಕಿಡಬೇಕು, ತಗೊಳ್ಳುವವರು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಜಗಳ ಖಂಡಿತ. ಅಜ್ಜಿ ಅಡುಗೆಮನೆಯಿಂದಲೇ "ಕೆಳಗಿಡ್ರೋ!" ಎಂದು ಕೂಗಿಕೊಂಡಳಂತೆ. ಅಷ್ಟರಲ್ಲಿ ಚಾಕು ಅಪ್ಪನ ಜೇಬು ಸೇರಿತ್ತು.

ಕೆಲವು ತಿಂಗಳಾದ ಮೇಲೆ ಅಪ್ಪ ಒಂದು ಹೋರಿಯ ಗೊರಸಿಗೆ ಚುಚ್ಚಿಕೊಂಡ ಮೊಳೆಯನ್ನು ಅದೇ ಚಾಕುವಿನಿಂದ ಬಿಡಿಸುತ್ತಿದ್ದಾಗ ಮಾವ ಬಂದರು.

"ದೇವರ ಹೆಸರಿರೋ ಚಾಕುನ ಗೊರಸಿಗೆ ಹಾಕ್ತೀಯಲ್ಲೋ! ಆ ಮನುಷ್ಯ ಅದಕ್ಕೆ ಕೈ ಮುಗ್ದಿದ್ದು ನಾನು ಕಣ್ಣಾರೆ ಕಂಡಿದೀನಿ."

"ದೇವರೂ ಇಲ್ಲ ದಿಂಡರೂ ಇಲ್ಲ ಭಾವ. ಅದು ಕಂಪ್ನಿ ಹೆಸರು. ಬೆಂಕಿಪೊಟ್ಟಣದ ಮೇಲೆ ಇರಲ್ವಾ, ಹಂಗೆ."

"ಹಂಗಾದ್ರೆ ಹಬ್ಬದ ದಿನ ನಿನಗೆ ನಾನು ಬೆಂಕಿಪೊಟ್ಟಣ ಕೊಟ್ನಾ?"

ಮಾತಿಗೆ ಮಾತು ಬೆಳೆಯಿತು. ಹೋರಿಯ ಕಾಲು ವಾಸಿಯಾಯಿತು, ಇವರದು ಆಗಲಿಲ್ಲ. ಆರು ವರ್ಷ ಮಾತಿಲ್ಲ. ಇಬ್ಬರಿಗೂ ಅದರಿಂದ ಊಟ ನಿದ್ದೆಗೇನೂ ಕಡಿಮೆಯಾಗಲಿಲ್ಲ, ಕಡಿಮೆಯಾದದ್ದು ಅತ್ತೆಗೆ. ಆರು ವರ್ಷ ಅವಳು ತವರಿನ ಹೊಸಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಸೀರೆಯನ್ನು ನಾನು ತರೀಕೆರೆಗೆ ಮುಟ್ಟಿಸುತ್ತಿದ್ದೆ. ಅವಳು ಅದನ್ನು ಮೂಗಿಗೆ ಹಿಡಿದು, ಅಜ್ಜಂಪುರದ ಪೆಟ್ಟಿಗೆಯ ವಾಸನೆ ನೋಡಿ, ಮಡಚಿಡುತ್ತಿದ್ದಳು. ನನಗೆ ಆ ಇಬ್ಬರು ಗಂಡಸರ ಮೇಲೂ ಕೆಟ್ಟ ಸಿಟ್ಟು ಬರುತ್ತಿತ್ತು.

ರೈಲು ಬರುವ ಹೊತ್ತಿಗೆ ಅಪ್ಪ ಬಟ್ಟೆ ಸುತ್ತಿದ ಚಾಕುವನ್ನು ನನ್ನ ಟ್ರಂಕಿನ ಮೇಲಿಟ್ಟ. "ಹೆಂಗೂ ಹೋಗ್ತಿದೀಯ. ಇದರ ಮೇಲೆ ಏನು ಬರ್ದೈತೆ ಅಂತ ಕೇಳ್ಕೊಂಡು ಬಾ" ಎಂದು ಹೇಳಿ ನೀರು ತರಲು ಹೋದ. ಅವನು ಅತ್ತ ಹೋಗುತ್ತಲೇ ಮಾವ ಇತ್ತ ಬಂದರು. "ಕೊಟ್ನಾ? ಕೇಳ್ಕೊಂಡು ಬಾರವ್ವ. ಆದ್ರೆ ನಾನು ಗೆದ್ದಿದ್ರೆ ಅವನ ಮುಂದೆ ಜೋರಾಗಿ ಹೇಳ್ಬೇಡ. ಪಾಪ, ನೊಂದ್ಕೊಂತಾನೆ."

ಅತ್ತೆ ಕಿಟಕಿಯ ಸರಳು ಹಿಡಿದು ಹೇಳಿದ್ದು ಒಂದೇ ಮಾತು. "ಯಾರಾರ ಗೆಲ್ಲಲಿ. ನನ್ನ ತವರಿನ ದಾರಿ ತೆಗೆಸು ತಾಯಿ."

ಒಸಾಕಾ ವಿಮಾನ ನಿಲ್ದಾಣ

ಮೊದಲ ಸಲ ಮೋಡವನ್ನು ಮೇಲಿನಿಂದ ನೋಡಿದೆ. ಯಾರೋ ಅರಳೆ ಹಿಂಜಿ ಹಾಗೇ ಬಿಟ್ಟು ಊಟಕ್ಕೆ ಎದ್ದು ಹೋದಂತಿತ್ತು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಒಸಾಕಾದಲ್ಲಿ ತಪಾಸಣೆಯವನು ಟ್ರಂಕು ತೆರೆಸಿದ. ಬಾಣಂತಿಯ ಮೆಣಸಿನ ಪುಡಿ, ಒಣಶುಂಠಿ, ಮೆಂತ್ಯ, ಬಜೆ, ಸಾಂಬ್ರಾಣಿ, ರಾಗಿಹಿಟ್ಟು ಒಂದೊಂದಾಗಿ ಹೊರಗೆ ಬಂದವು. ಬಿಳಿ ಕೈಗವಸಿನ ಆ ಸಭ್ಯ ಮನುಷ್ಯ ಎಲ್ಲವನ್ನೂ ಮೂಸುತ್ತಾ ಹೋಗಿ ಮೆಣಸಿನ ಪುಡಿಗೆ ಬಂದು ನಿಂತ. ಆಮೇಲೆ ಸೀನತೊಡಗಿದ. ಪ್ರತಿ ಸೀನಿಗೂ ನನಗೆ ಬಾಗಿ ಕ್ಷಮೆ ಕೇಳುತ್ತಿದ್ದ. ನಾನೂ ಮರ್ಯಾದೆಗೆ ಬಾಗಿದೆ. ಅವನು ಸೀನಿದ, ನಾನು ಬಾಗಿದೆ, ಹಿಂದಿನ ಸಾಲೇ ನಗತೊಡಗಿತು.

ಕೊನೆಗೆ ಚಾಕು ಸಿಕ್ಕಿತು. ಇನ್ನು ಕಸಿದುಕೊಳ್ಳುತ್ತಾನೆ ಎಂದುಕೊಂಡೆ. ಅವನ ಮುಖ ಮಾತ್ರ ಹಳೆಯ ಗೆಳೆಯ ಸಿಕ್ಕಂತೆ ಅರಳಿತು. ಬೆರಳುಗಳಿಂದ ಗಾಳಿಯಲ್ಲಿ ಪೆನ್ಸಿಲು ಹೆರೆದು ತೋರಿಸಿದ. ಪೆನ್ಸಿಲು ಕೇಳುತ್ತಿದ್ದಾನೆಂದು ತಿಳಿದು ನನ್ನ ಪೆನ್ನು ತೆಗೆದುಕೊಟ್ಟೆ. ಅವನು ಗಾಬರಿಯಾಗಿ ವಾಪಸು ಕೊಟ್ಟ, ನಾನು ಇರಲಿ ಎಂದೆ. ಆ ಪೆನ್ನು ಇವತ್ತಿಗೂ ಒಸಾಕಾದಲ್ಲಿದೆ.

ಹೊರಗೆ ಮಹೇಶ ಟ್ಯಾಕ್ಸಿ ಕರೆದ. ಬಾಗಿಲು ತನ್ನಷ್ಟಕ್ಕೇ ತೆರೆಯಿತು! ಕೂತ ಮೇಲೆ ತರೀಕೆರೆ ಜೀಪಿನ ಬಾಗಿಲು ಎಳೆಯುವ ಹಾಗೆ ಬಲವಾಗಿ ಎಳೆದು ಹಾಕಿದೆ. ಡ್ರೈವರ್ ಎದೆ ಹಿಡಿದುಕೊಂಡ. "ಅಕ್ಕಾ, ಅದನ್ನ ಮುಟ್ಬೇಡಿ, ಅದೇ ಹಾಕ್ಕೊಳುತ್ತೆ" ಎಂದು ಮಹೇಶ ತಲೆ ಚಚ್ಚಿಕೊಂಡ. ಬಾಗಿಲು ತಾನೇ ತೆರೆದು ತಾನೇ ಮುಚ್ಚುವ ಊರಿನಲ್ಲಿ ಕೈಗಳಿಗೆ ಏನು ಕೆಲಸವೋ ಎಂದು ಯೋಚಿಸುತ್ತಾ, ಕೈಕಟ್ಟಿ ಕೂತೆ.

ಕೋಬೆ

ನಾನು ಬಂದ ವಾರವೇ ಶೈಲಾಗೆ ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಸೊಂಟಕ್ಕೆ ಸೆರಗು ಕಟ್ಟಿ ಕೆಲಸ ಶುರು ಮಾಡಿದೆ. ಗುಬ್ಬಚ್ಚಿ ಗೂಡಿನಂಥ ಬಚ್ಚಲಿನಲ್ಲಿ ತಾಯಿ ಮಗುವಿಗೆ ಎಣ್ಣೆ ನೀರು ಹಾಕಿ, ಮಗುವಿನ ತಲೆದಿಂಬಿನ ಕೆಳಗೆ ದೃಷ್ಟಿ ತಾಗದಂತೆ ಕಬ್ಬಿಣ ಇಡಬೇಕಲ್ಲ, ಅಪ್ಪನ ಚಾಕುವನ್ನೇ ಮಡಚಿ ಇಟ್ಟೆ. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ನಮ್ಮೂರಿನಲ್ಲಾದರೆ ಹೊಗೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ. ಇಲ್ಲಿ ಹೆಂಚೂ ಇಲ್ಲ, ಸಂದಿಯೂ ಇಲ್ಲ. ಕಿಟಕಿ ತೆರೆದೆ, ಹೊಗೆ ಪಕ್ಕದ ಮನೆಗೆ ಹೋಯಿತು.

ಐದು ನಿಮಿಷದಲ್ಲಿ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆ ಅಜ್ಜಿ ನಿಂತಿದ್ದರು. ಕೈಯಲ್ಲಿ ಹೂವು, ಮುಖದಲ್ಲಿ ದುಃಖ. ಚಪ್ಪಲಿ ಬಿಟ್ಟು ಒಳಗೆ ಬಂದು, ಮಲಗಿದ್ದ ಮಗುವನ್ನು ನೋಡಿದರು. ದಿಂಬಿನಡಿಯಿಂದ ಇಣುಕುತ್ತಿದ್ದ ಚಾಕು ನೋಡಿದರು. ಮಂಡಿಯೂರಿ ಕೂತು ಕಣ್ಣೀರು ಒರೆಸಿಕೊಂಡರು. ಎಳೆಮಗುವನ್ನು ನೋಡಿ ಇಷ್ಟೊಂದು ಆನಂದಬಾಷ್ಪವೇ ಎಂದು ನಾನೂ ಅವರ ಪಕ್ಕ ಕೂತೆ. ಇಬ್ಬರೂ ಕೈ ಕೈ ಹಿಡಿದುಕೊಂಡು ಅತ್ತೆವು.

ಅಷ್ಟರಲ್ಲಿ, ಅಜ್ಜಿಯ ಲೆಕ್ಕದಲ್ಲಿ ಸತ್ತುಹೋಗಿದ್ದ ಮಗು ಮನೆ ಹಾರುವಂತೆ ಕಿರುಚಿತು. ಅಜ್ಜಿ ಹೂವು ಬಿಸಾಕಿ ಹಿಂದಕ್ಕೆ ಬಿದ್ದರು.

ಮಹೇಶ ಬಂದ ಮೇಲೆ ವಿಷಯ ಬಯಲಾಯಿತು. ಅವರಲ್ಲಿ ತೀರಿಕೊಂಡವರ ಹತ್ತಿರ ಧೂಪ ಹಾಕುತ್ತಾರಂತೆ, ಕಾವಲಿಗೆ ಒಂದು ಚಾಕುವನ್ನೂ ಇಡುತ್ತಾರಂತೆ! ನಾವು ಹುಟ್ಟಿದವರಿಗೆ ಮಾಡುವುದನ್ನು ಅವರು ಹೋದವರಿಗೆ ಮಾಡುತ್ತಾರೆ. ಕಾಯಬೇಕೆಂಬ ಆಸೆ ಮಾತ್ರ ಎರಡೂ ಕಡೆ ಒಂದೇ. ಅಜ್ಜಿ ನಕ್ಕು ನಕ್ಕು ಸುಸ್ತಾಗಿ ಚಹಾ ಕುಡಿದರು. ಕುಡಿಯುತ್ತಾ ಚಾಕು ಎತ್ತಿಕೊಂಡರು. "ಹಿಗೋನೊಕಾಮಿ!" ಅಂದರು. ಅವರ ತಮ್ಮ ಶಾಲೆಗೆ ಹೋಗುವಾಗ ಇಂಥದೇ ಚಾಕುವಿನಿಂದ ಪೆನ್ಸಿಲು ಹೆರೆಯುತ್ತಿದ್ದನಂತೆ, ಬಿದಿರಿನ ಆಟಿಕೆ ಕೊರೆಯುತ್ತಿದ್ದನಂತೆ. ಈಗಿನ ಮಕ್ಕಳ ಕೈಗೆ ಯಾರೂ ಕೊಡುವುದಿಲ್ಲವಂತೆ.

"ಅಕ್ಕಾ, ಆ ಮೂರಕ್ಷರದಲ್ಲಿ ಮೊದಲ ಎರಡು 'ಹಿಗೋ'" ಎಂದ ಮಹೇಶ. "ದಕ್ಷಿಣದಲ್ಲಿರೋ ಒಂದು ಸೀಮೆಯ ಹಳೇ ಹೆಸರಂತೆ. 'ಕಾಮಿ' ಅಂದ್ರೆ ಆ ಸೀಮೆ ಆಳೋನು. ಹಿಗೋ ಸೀಮೆ ಒಡೆಯ."

"ಪಾಳೇಗಾರ ಅನ್ನು!" ಎಂದು ಕೂಗಿದೆ. ತರೀಕೆರೆಯವರಿಗೆ ಪಾಳೇಗಾರರ ಕಥೆ ಹೊಸದೇ? ಆರು ವರ್ಷ ಅಜ್ಜಂಪುರದಲ್ಲಿ ಒಬ್ಬ ಜಪಾನೀ ಪಾಳೇಗಾರ ಹೋರಿಗಳ ಗೊರಸು ಕೆತ್ತುತ್ತಿದ್ದ! ನಾನು ಚಾಕು ಹಿಡಿದು ಕೋಣೆಯಲ್ಲೇ ಒಂದು ಸುತ್ತು ಕುಣಿದೆ. ಆಮೇಲೆ ಕುಣಿತ ನಿಂತಿತು. ಒಡೆಯನೆಂದರೆ ದೇವರೂ ಅಲ್ಲ, ಕಂಪನಿಯೂ ಅಲ್ಲ. ಇಬ್ಬರೂ ಸೋತರು. ಸೋತ ಇಬ್ಬರನ್ನು ಇಟ್ಟುಕೊಂಡು ಅತ್ತೆಯ ದಾರಿ ತೆಗೆಸುವುದು ಹೇಗೆ?

ಅಜ್ಜಿಯೇ ದಾರಿ ತೋರಿಸಿದರು. ಹೆಸರು ದಕ್ಷಿಣದ್ದಾದರೂ ಚಾಕು ಮಾಡುವವರು ಇಲ್ಲೇ ಗುಡ್ಡದಾಚೆ ಮಿಕಿ ಎಂಬ ಊರಿನಲ್ಲಿದ್ದಾರೆ, ಅವರನ್ನೇ ಕೇಳಿ ಎಂದರು.

ಮಿಕಿ

ಮಗುವಿಗೆ ತಿಂಗಳು ತುಂಬಿದ ಮೇಲೆ, ಅಜ್ಜಿಯನ್ನು ಬಾಣಂತಿಯ ಕಾವಲಿಗೆ ಕೂರಿಸಿ, ಮಹೇಶನೂ ನಾನೂ ಒಂದು ಪುಟ್ಟ ರೈಲು ಹತ್ತಿದೆವು. ಅದು ಗುಡ್ಡ ಹತ್ತುವಾಗ ನನಗೆ ಮಾವನ ಜೀಪಿನ ನೆನಪಾಯಿತು. ಡ್ರೈವರ್ ಬಿಳಿ ಕೈಗವಸು ಹಾಕಿ, ಸಿಗ್ನಲ್ ಕಂಡಾಗಲೆಲ್ಲ ಬೆರಳು ತೋರಿಸಿ ಒಬ್ಬನೇ ಏನೋ ಹೇಳಿಕೊಳ್ಳುತ್ತಿದ್ದ. ಬೀರೂರಿನ ಗಾಡಿಗಳಲ್ಲೇ ಓಡಾಡಿ ಬೆಳೆದ ನಾನು ಇಂಥ ಡ್ರೈವರನ್ನು ಕಂಡಿರಲಿಲ್ಲ. "ಮಂತ್ರ ಹೇಳ್ತಿದಾನಾ?" ಎಂದೆ. "ಹಸಿರು ದೀಪ ಇದೆ ಅಂತ ತನಗೇ ಹೇಳ್ಕೊತಿದಾನೆ" ಎಂದ ಮಹೇಶ. ಕಣ್ಣಿಗೆ ಕಂಡದ್ದನ್ನು ಬಾಯಿಂದಲೂ ಒಪ್ಪಿಕೊಳ್ಳುವ ಆ ಅಭ್ಯಾಸವನ್ನು ನಮ್ಮ ಮನೆಯ ಇಬ್ಬರು ಗಂಡಸರಿಗೆ ಕಲಿಸಬೇಕೆನಿಸಿತು.

ಮಿಕಿ ಕಮ್ಮಾರರ ಊರು. ಗರಗಸ, ಉಳಿ, ಚಾಕು ಎಲ್ಲ ಅಲ್ಲೇ ಹುಟ್ಟುತ್ತವೆ. ಕೇಳಿಕೊಂಡು ಹೋದ ಕುಲುಮೆಯಲ್ಲಿ ತಲೆಗೆ ಟವೆಲು ಕಟ್ಟಿದ ಒಬ್ಬ ಮುದುಕರಿದ್ದರು. ಸುಟ್ಟ ಕಬ್ಬಿಣದ ವಾಸನೆ ಕಡೂರಿನ ಕುಲುಮೆಯದೇ. ನಮ್ಮ ಚಾಕು ಕೈಗೆ ಸಿಕ್ಕಿದ ಕೂಡಲೇ ಮುದುಕರು ಅಲಗನ್ನು ಬೆಳಕಿಗೆ ಹಿಡಿದು ಏನೋ ಕೇಳಿದರು.

"ಇದರಲ್ಲಿ ಏನು ಕತ್ತರಿಸ್ತಿದ್ರಿ ಅಂತ ಕೇಳ್ತಿದಾರೆ ಅಕ್ಕಾ."

"ಹೋರಿ ಗೊರಸು ಅಂತ ಹೇಳಪ್ಪ."

ಮುದುಕರು ನಗಲಿಲ್ಲ. ಒಳ್ಳೆಯ ಕೆಲಸ ಎಂಬಂತೆ ತಲೆಯಾಡಿಸಿ, ಅಲಗನ್ನು ಸಾಣೆಕಲ್ಲಿನ ಮೇಲೆ ಇಟ್ಟರು. ಮಸೆಯುತ್ತಾ ಹೆಸರಿನ ಕಥೆ ಹೇಳಿದರು, ಮಹೇಶ ಕನ್ನಡಕ್ಕೆ ತಂದ. ಅವರ ಅಜ್ಜನ ಕಾಲದಲ್ಲಿ ಮಿಕಿಯ ವ್ಯಾಪಾರಿಯೊಬ್ಬ ದಕ್ಷಿಣದಿಂದ ಒಂದು ಚಾಕು ತಂದು, ಇಂಥದ್ದು ಮಾಡಿಕೊಡಿ ಅಂದನಂತೆ. ಇಲ್ಲಿನ ಕಮ್ಮಾರರು ಮಡಚುವ ಹಾಗೆ ಮಾಡಿ, ಹೆಬ್ಬೆರಳಿಗೆ ಸಿಗುವ ಪುಟ್ಟ ಬಾಲ ಇಟ್ಟರು. ಅದು ಹೆಚ್ಚಾಗಿ ಖರ್ಚಾದದ್ದು ಆ ದಕ್ಷಿಣದ ಕಡೆಯೇ. ಕೊಳ್ಳುವ ಜನ ಮೆಚ್ಚಲಿ ಎಂದು ಅಲ್ಲಿನ ಒಡೆಯನ ಪದವಿಯನ್ನೇ ಚಾಕುವಿಗೆ ಇಟ್ಟರು. ಒಡೆಯ ಮಿಕಿಗೆ ಬಂದವನಲ್ಲ, ಚಾಕು ಮಾಡಿದವನೂ ಅಲ್ಲ. ಹೆಸರು ಮಾತ್ರ ದೇಶದ ಮಕ್ಕಳ ಜೇಬಿನಲ್ಲೆಲ್ಲ ಓಡಾಡಿತು.

ಹಾಗಾದರೆ ಕೈ ಮುಗಿಯುವಂಥ ದೊಡ್ಡವನ ಹೆಸರೂ ಹೌದು, ಅಂಗಡಿಯವರು ಇಟ್ಟ ಹೆಸರೂ ಹೌದು! ನನ್ನ ಜೀವಕ್ಕೆ ಅರ್ಧ ಸಮಾಧಾನವಾಯಿತು.

ಹೊರಡುವಾಗ ಮುದುಕರು ಮಗುವಿಗೆಂದು ಒಂದು ಹೊಸ ಚಾಕು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಾಗಿ ನನ್ನ ಮುಂದೆ ಚಾಚಿದರು. ಕೈಯಿಂದ ಕೈಗೆ! ಒಮ್ಮೆ ಪಟ್ಟ ಪಾಡು ಸಾಲದೆ? ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನೆಲ ತೋರಿಸಿದೆ. ಮುದುಕರು ಇನ್ನಷ್ಟು ಬಾಗಿದರು. ನಾನು ಮತ್ತೆ ನೆಲ ತೋರಿಸಿದೆ. ಸಾಲದಾಯಿತೇನೋ ಎಂದು ಅವರು ಮಂಡಿಯೂರಿದರು. ಅಷ್ಟು ಹಿರಿಯರು ಮಂಡಿಯೂರಿದ ಮೇಲೆ ನಾನು ನಿಂತಿರುವುದುಂಟೇ? ನಾನೂ ಊರಿದೆ, ನೆಲವನ್ನು ತಟ್ಟಿ ತಟ್ಟಿ ತೋರಿಸಿದೆ. ಅವರು ಹಣೆಯನ್ನು ನೆಲಕ್ಕೇ ಮುಟ್ಟಿಸಿಬಿಟ್ಟರು! ಒಳಗಿನಿಂದ ಅವರ ಹೆಂಡತಿ ಬಂದು, ಏನೋ ಅನಾಹುತವಾಗಿದೆಯೆಂದು ತಾವೂ ಹಣೆ ಮುಟ್ಟಿಸಿದರು.

"ಅಕ್ಕಾ, ಏನ್ಮಾಡ್ತಿದೀರಾ!" ಎಂದು ಮಹೇಶ ಬೊಬ್ಬೆ ಹಾಕಿದ.

"ಕೆಳಗಿಡೋಕೆ ಹೇಳೋ! ಕೈಗೆ ತಗೊಂಡ್ರೆ ಜಗಳ ಆಗುತ್ತೆ!"

ಅವನು ಬಿಡಿಸಿ ಹೇಳಿದ. ಮುದುಕರು ತಲೆಯೆತ್ತಿದರು. ಆಮೇಲೆ ಕೈಯನ್ನು ಭೂಮಿಗೆ ಬಡಿದು ನಕ್ಕರು. ಚಾಕುವನ್ನು ನೆಲಕ್ಕಿಟ್ಟರು, ನಾನು ಎತ್ತಿಕೊಂಡೆ. ಆಗ ಅವರು ಅಂಗೈ ಚಾಚಿದರು.

"ಒಂದು ಕಾಸು ಕೊಡ್ಬೇಕಂತೆ" ಎಂದ ಮಹೇಶ. "ಬೆಲೆ ಅಲ್ಲ ಅಕ್ಕಾ. ಚಾಕುನ ಪುಕ್ಕಟೆ ಕೊಟ್ರೆ ಕೊಟ್ಟೋರಿಗೂ ತಗೊಂಡೋರಿಗೂ ಸಂಬಂಧ ಕತ್ತರಿಸಿ ಹೋಗುತ್ತಂತೆ. ಕಾಸು ಇಸ್ಕೊಂಡ್ರೆ ಕತ್ತರಿಸಲ್ವಂತೆ."

ನಾನು ಚೀಲದಿಂದ ನಡುವೆ ತೂತಿರುವ ಒಂದು ನಾಣ್ಯ ತೆಗೆದು ಕೊಟ್ಟೆ. ಮುದುಕರು ಅದನ್ನು ಹಣೆಗೊತ್ತಿಕೊಂಡರು. ಹಾಗೆ ಒತ್ತಿಕೊಂಡ ಇನ್ನೊಬ್ಬನ ಕಥೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಕೇಳಿ ನಕ್ಕಿದ್ದೆ! ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮತ್ತೆ ಬೀರೂರು

ಹೊಸ ಚಾಕು ಮಗುವಿನ ದಿಂಬಿನಡಿ ಉಳಿಯಿತು, ಹಳೆಯದು ನನ್ನ ಜೊತೆ ಬಂತು. ಕಡೂರಿನಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ, ಬೀರೂರಿಗೇ ಬಂದೆ. ಪ್ಲಾಟ್‌ಫಾರಂ ಮೇಲೆ ಚಿತ್ರ ಬದಲಾಗಿರಲಿಲ್ಲ. ಈ ತುದಿಗೆ ಅಪ್ಪ, ಆ ತುದಿಗೆ ಮಾವ, ನಡುವಿನ ಬೆಂಚಿನಲ್ಲಿ ಅತ್ತೆ.

"ಇಬ್ಬರೂ ಇಲ್ಲಿಗೆ ಬಂದ್ರೆ ಹೇಳ್ತೀನಿ" ಎಂದು ಹಮಾಲಿಗಳೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. "ಇಲ್ದಿದ್ರೆ ಚಾಕುನ ಹಳಿ ಮೇಲೆ ಇಟ್ಟು ಹೋಗ್ತೀನಿ."

ಬಂದರು. ಬೆಂಚಿನ ಆಚೆಗೊಬ್ಬ, ಈಚೆಗೊಬ್ಬರು. ನಾನು ಚಾಕುವನ್ನು ಬೆಂಚಿನ ಮೇಲಿಟ್ಟು ಹಿಗೋ ಒಡೆಯನ ಕಥೆ ಹೇಳಿದೆ.

"ಒಡೆಯ ಅಂದ್ರೆ ದೇವರ ಸಮಾನ. ಕೆಲವರಿಗೆ ಹೇಳವ್ವ" ಎಂದರು ಮಾವ, ಆಕಾಶ ನೋಡುತ್ತಾ.

"ವ್ಯಾಪಾರಕ್ಕೆ ಅಂತ ಇಟ್ಟ ಹೆಸರಂತೆ. ಕೆಲವರು ಕೇಳಿಸ್ಕೊಂಡ್ರೇನೋ" ಎಂದ ಅಪ್ಪ, ಚಪ್ಪಲಿ ನೋಡುತ್ತಾ.

"ಇನ್ನೊಂದು ಇದೆ" ಎಂದೆ. ಮಿಕಿಯ ಮುದುಕರು ಅಂಗೈ ಚಾಚಿದ್ದನ್ನು ಹೇಳಿದೆ. ಯಾಕೆ ಚಾಚಿದರು ಎಂಬುದನ್ನೂ ಹೇಳಿದೆ.

ಮಾವನ ಮುಖ ಇಳಿಯಿತು. ಮೆಲ್ಲಗೆ ಬೆಂಚಿನ ಮೇಲೆ ಕೂತರು. "ಹಂಗಾದ್ರೆ ಆ ಪುಣ್ಯಾತ್ಮ ಬೇಡ್ಲಿಲ್ಲ."

"ಇಲ್ಲ ಮಾವ. ನಿಮ್ಮ ಸ್ನೇಹ ಕತ್ತರಿಸಿ ಹೋಗ್ಬಾರ್ದು ಅಂತ ಕೇಳಿದ್ದು."

"ಅಯ್ಯೋ ಶಿವನೇ. ಎಷ್ಟ್ ಪಂಕ್ತೀಲಿ ಅವನ್ನ ಇಟ್ಕೊಂಡು ನಗ್ಸಿದೀನಲ್ಲೇ." ಮಾವನ ಕಣ್ಣು ತುಂಬಿ ಬಂತು.

ಅಪ್ಪ ಚಪ್ಪಲಿಯಿಂದ ಕಣ್ಣೆತ್ತಿದ. "ನಿಮಗೇನ್ ಕನಸು ಬಿದ್ದಿತ್ತಾ ಭಾವ? ಬಿಡಿ" ಎಂದ. ಆರು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಆಡಿದ್ದು ಅವನಿಗೇ ಗೊತ್ತಾದಂತಿರಲಿಲ್ಲ. ಜೇಬಿಗೆ ಕೈ ಹಾಕಿದ. "ನಾನೂ ಅವತ್ತು ಏನೂ ಕೊಡ್ಲಿಲ್ಲ. ಈಗ ತಗೊಳ್ಳಿ."

"ನಾನೇನು ಚಾಕು ಮಾರೋನಾ? ಇಟ್ಕೋ ಸುಮ್ನೆ."

"ಕೊಟ್ಟೇ ಕೊಡ್ತೀನಿ."

"ನಾನು ಇಸ್ಕೊಳ್ಳಲ್ಲ ಅಂದ್ರೆ ಇಸ್ಕೊಳ್ಳಲ್ಲ ಕಣಲೇ!"

ಮತ್ತೆ ಶುರುವಾಯಿತು! ನಾನು ತಲೆ ಮೇಲೆ ಕೈಯಿಟ್ಟುಕೊಂಡೆ. ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಹತ್ತು ಪೈಸೆ ತೆಗೆದು ಗಂಡನ ಪಕ್ಕದಲ್ಲಿ ಬೆಂಚಿನ ಮೇಲಿಟ್ಟಳು. ಚಾಕುವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಇಬ್ಬರಿಗೂ ಬ್ಯಾಡ. ಇವತ್ತಿಂದ ಇದು ನಂದು."

ಹೇಳಿ ನಡೆದೇಬಿಟ್ಟಳು, ತರೀಕೆರೆ ಗಾಡಿಯ ಕಡೆಗಲ್ಲ, ಅಜ್ಜಂಪುರದ ಗಾಡಿಯ ಕಡೆಗೆ. ನಾನು ಟ್ರಂಕು ಹೊತ್ತು ಹಿಂದೆ ಓಡಿದೆ. "ಅತ್ತೆ, ಬಟ್ಟೆಬರೆ ಏನೂ ತಂದಿಲ್ವಲ್ಲ!"

"ತವರಿಗೆ ಹೋಗೋಕೆ ಬಟ್ಟೆ ಯಾಕೆ? ನಿಮ್ಮಮ್ಮನ ಸೀರೆ ಉಟ್ಕೊಂತೀನಿ."

ಕಿಟಕಿಯ ಪಕ್ಕ ಕೂತು, ಬುಟ್ಟಿಯವಳ ಹತ್ತಿರ ಸೀಬೆಹಣ್ಣು ಕೊಂಡು, ಹೆಬ್ಬೆರಳಿನಿಂದ ಪಾಳೇಗಾರನ ಬಾಲ ಒತ್ತಿ ಅಲಗು ತೆರೆದಳು. ಗಾಡಿ ಹೊರಟಿತು. ಪ್ಲಾಟ್‌ಫಾರಂ ಮೇಲೆ ಅಪ್ಪನೂ ಮಾವನೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಮುಖಕ್ಕೊಬ್ಬರು ಬೆರಳು ತೋರಿಸಿ ಕೂಗಾಡುತ್ತಿದ್ದರು. ಅಪ್ಪನಿಗೆ ಗಾಡಿ ಹೊರಟಿದ್ದರ ಅರಿವೇ ಇರಲಿಲ್ಲ. ನಾನು ಗಾಬರಿಯಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಪ್ಪಾ!" ಎಂದು ಕೂಗಲು ಹೋದೆ.

ಅತ್ತೆ ನನ್ನ ಸೆರಗು ಹಿಡಿದು ಎಳೆದಳು.

"ಕರೀಬ್ಯಾಡ ಸುಮ್ನಿರೇ. ಆರು ವರ್ಷದ ಮಾತು ಬಾಕಿ ಐತೆ. ಆಡ್ಕೊಳ್ಳಲಿ."